ಪ್ಯಾಕೇಜು ಮದುವೆ ಮತ್ತು ತವರಿನ ಮುಚ್ಚಿದ ಬಾಗಿಲು

"ನಾವು ವರದಕ್ಷಿಣೆ ತೆಗೆದುಕೊಳ್ಳುವ ಜನ ಅಲ್ಲ. ಮದುವೆ ಒಂದು ಚೆಂದ ಮಾಡಿಕೊಡಿ, ಸಾಕು." ಅಂಕೋಲೆ, ಕಾರವಾರದ ಕಡೆ ಹೆಣ್ಣು ನೋಡಲು ಬಂದವರ ಬಾಯಲ್ಲಿ ಈಗ ಕೇಳಿಬರುವ ಮಾತು ಇದು. ಹೆಣ್ಣು ಹೆತ್ತವರು 'ದೇವರಂಥ ಜನ' ಎಂದು ಕೈ ಮುಗಿಯುತ್ತಾರೆ. ಸೋದರಿಯರೇ, ಆ 'ಚೆಂದ' ಎಂಬ ಎರಡಕ್ಷರದ ಬೆಲೆ ಎಷ್ಟು? ಅದನ್ನು ಕಟ್ಟುವವರು ಯಾರು? ಕಟ್ಟಿದ ಹಣದಲ್ಲಿ ಹುಡುಗಿಯ ಕೈಗೆ ಉಳಿಯುವುದೇನು?

ಆ ಬೆಲೆಯ ಪಟ್ಟಿ ಈಗ ಅಚ್ಚಾಗಿಯೇ ಸಿಗುತ್ತದೆ. ಮದುವೆ ಮಾಡಿಸಿಕೊಡುವುದೇ ಒಂದು ಉದ್ಯೋಗವಾಗಿದೆ. ವೆಡ್ಡಿಂಗ್ ಪ್ಲಾನರ್ ಎಂದು ಬೋರ್ಡು ಹಾಕಿಕೊಂಡವರು ಬೆಳ್ಳಿ, ಬಂಗಾರ, ವಜ್ರ ಎಂದು ಹೆಸರಿಟ್ಟ ಪ್ಯಾಕೇಜುಗಳನ್ನು ನಮ್ಮ ಮುಂದೆ ಇಡುತ್ತಾರೆ. ವೇದಿಕೆಯ ಹೂವು, ದೀಪ, ಫೋಟೋ, ವಿಡಿಯೋ, ಊಟ, ಹುಡುಗಿಯ ಅಲಂಕಾರ ಎಲ್ಲವೂ ಅದರಲ್ಲಿ ಸೇರಿವೆ. ಅರಿಶಿನದ ಶಾಸ್ತ್ರ 'ಹಲ್ದಿ'ಯಾಗಿದೆ. ನಮ್ಮಲ್ಲಿ ಇಲ್ಲದಿದ್ದ 'ಸಂಗೀತ್' ಬಂದಿದೆ. ಮದುವೆಗೆ ಮೊದಲೇ ಹುಡುಗ ಹುಡುಗಿಯನ್ನು ಸಮುದ್ರ ದಂಡೆಗೆ ಕರೆದೊಯ್ದು ತೆಗೆಯುವ ಫೋಟೋಗಳಿಗೂ ಬೇರೆ ದರವಿದೆ. ಹೊಸ ಶಾಸ್ತ್ರ ಒಂದು ಹುಟ್ಟಿದರೆ ಹೊಸ ಬಿಲ್ಲು ಒಂದು ಹುಟ್ಟಿತೆಂದೇ ಅರ್ಥ. ಆ ಬಿಲ್ಲು ಹೋಗುವುದು ಹೆಚ್ಚಾಗಿ ಹೆಣ್ಣಿನ ಮನೆಗೆ.

ಇದು ಒಂದೇ ದಿನದಲ್ಲಿ ಆದದ್ದಲ್ಲ. 1994ರಲ್ಲಿ 'ಹಮ್ ಆಪ್ಕೆ ಹೈ ಕೌನ್' ಎಂಬ ಹಿಂದಿ ಸಿನಿಮಾ ಶ್ರೀಮಂತರ ಮನೆಯ ಮದುವೆಯನ್ನು ಹಾಡು ಕುಣಿತದೊಂದಿಗೆ ಊರೂರಿಗೆ ತೋರಿಸಿತು. 2010ರಲ್ಲಿ ಬಂದ 'ಬ್ಯಾಂಡ್ ಬಾಜಾ ಬಾರಾತ್' ಮದುವೆ ಮಾಡಿಸುವ ಉದ್ಯೋಗವನ್ನೇ ಕಥೆಯಾಗಿಸಿತು. 2016ರ ನವೆಂಬರ್ 8ರಂದು ನೋಟು ರದ್ದಾಯಿತು. ಬಡವರು ಬ್ಯಾಂಕಿನ ಮುಂದೆ ಸಾಲುಗಟ್ಟಿ ನಿಂತಿದ್ದ ಆ ದಿನಗಳಲ್ಲೇ, ನವೆಂಬರ್ 16ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಾಜಿ ಸಚಿವ ಜನಾರ್ದನ ರೆಡ್ಡಿಯವರ ಮಗಳ ಮದುವೆಗೆ ಹಂಪಿಯ ವೈಭವದ ಸೆಟ್ಟು ಎದ್ದು ನಿಂತಿತ್ತು. ಅಷ್ಟು ದೊಡ್ಡದು ನಮಗೆ ಆಗದು, ನಿಜ. ಆದರೆ ಆಸೆ ಕೆಳಗೆ ಇಳಿಯುತ್ತಾ ಬರುತ್ತದೆ. ಅರಮನೆ ಮೈದಾನದಲ್ಲಿ ಆದದ್ದರ ಬಡ ನಕಲು ತಾಲೂಕಿನ ಸಭಾಭವನದಲ್ಲಿ ಆಗುತ್ತದೆ. ಅದರ ನಕಲು ಬೊಬ್ರುವಾಡದಂಥ ಊರಿನ ಅಂಗಳದಲ್ಲಿ ಸಾಲ ಮಾಡಿಸುತ್ತದೆ.

ಹಿಂದೆ ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳುವವಳಲ್ಲ. ಹಿಂದಿನ ಮದುವೆಯಲ್ಲೂ ಜಾತಿಯ ಪಂಕ್ತಿ ಇತ್ತು, ಮಕ್ಕಳ ಮದುವೆ ಇತ್ತು, ಹೊಗೆಯಲ್ಲಿ ಬೇಯುವ ಹೆಂಗಸರ ಬಿಟ್ಟಿ ದುಡಿಮೆ ಇತ್ತು. ಆದರೆ ಒಂದು ಮಾತನ್ನು ಮರೆಯಬಾರದು. ಈ ನಾಡಿನ ಎಷ್ಟೋ ದುಡಿಯುವ ಜಾತಿಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿಗೆ 'ತೆರ' ಕೊಡುತ್ತಿದ್ದರು. ಹೆಣ್ಣಿಗೆ ಬೆಲೆ ಕಟ್ಟುವ ಆ ಪದ್ಧತಿಯೂ ಬೇಡ. ಆದರೂ ಹೆಣ್ಣಿನ ಮನೆಯವರೇ ಕೊಡಬೇಕೆಂಬುದು ಅನಾದಿ ಕಾಲದ ಧರ್ಮ ಎನ್ನುವವರ ಬಾಯಿ ಮುಚ್ಚಿಸಲು ಅಷ್ಟು ಸಾಕು. ನೆರೆಯವರು ಕೂಡಿ ಚಪ್ಪರ ಹಾಕಿ, ಹೆಂಗಸರು ಸೇರಿ ಹಾಡು ಹೇಳಿ ಮದುವೆ ಮಾಡಿದ ನೆಲ ಇದು. 2017ರಲ್ಲಿ ಪದ್ಮಶ್ರೀ ಪಡೆದ, 2025ರಲ್ಲಿ ನಮ್ಮನ್ನು ಅಗಲಿದ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿಗಳ ಹಾಡುಗಳ ಭಂಡಾರವೇ ಆಗಿದ್ದರು. ಸಾರಾಯಿ ವಿರುದ್ಧ ಹೆಂಗಸರನ್ನು ಕೂಡಿಸಿ ಹೋರಾಡಿದವರೂ ಅವರೇ. ಹಾಡುವ ಬಾಯಿಗೆ 'ಬೇಡ' ಎನ್ನುವುದೂ ಗೊತ್ತು ಎಂದು ತೋರಿಸಿದರು.

ಈಗ ಈ ಉದ್ಯೋಗದ ಒಳಗುಟ್ಟನ್ನು ನೋಡೋಣ. ಅನೇಕ ಪ್ಲಾನರುಗಳು ತಮ್ಮ ಶುಲ್ಕವನ್ನು ಒಟ್ಟು ಖರ್ಚಿನ ಮೇಲೆ ನೂರಕ್ಕೆ ಇಷ್ಟು ಎಂದು ಹಾಕುತ್ತಾರೆ. ನೂರಕ್ಕೆ ಹತ್ತು ಎಂದಿಟ್ಟುಕೊಳ್ಳಿ. ಮದುವೆ 4 ಲಕ್ಷದಲ್ಲಿ ಮುಗಿದರೆ ಅವರಿಗೆ 40 ಸಾವಿರ. ಅದೇ ಮದುವೆ 8 ಲಕ್ಷಕ್ಕೆ ಏರಿದರೆ 80 ಸಾವಿರ. ಖರ್ಚು ಹೆಚ್ಚಿದಷ್ಟೂ ಲಾಭ ಹೆಚ್ಚುವವರು ನಿಮಗೆ ಖರ್ಚು ಕಡಿಮೆ ಮಾಡಲು ಹೇಳಿಕೊಡುತ್ತಾರೆಯೇ? "ಜೀವನದಲ್ಲಿ ಒಂದೇ ಸಲ ಅಲ್ಲವೇ ಅಮ್ಮಾ" ಎಂಬುದು ಅವರ ದೊಡ್ಡ ಮಂತ್ರ. ಅವರ ಪ್ರಚಾರಕ್ಕೆ ಬಳಕೆಯಾಗುವುದೂ ನಮ್ಮ ಮಗಳ ಚಿತ್ರವೇ. ಆ ಚಿತ್ರವನ್ನು ಮೊಬೈಲಿನಲ್ಲಿ ನೋಡಿದ ಪಕ್ಕದ ಮನೆಯ ಹುಡುಗನ ತಾಯಿ "ನಮಗೂ ಇಷ್ಟಾದರೂ ಬೇಕು" ಎನ್ನುತ್ತಾಳೆ. ಹೀಗೆ ವರದಕ್ಷಿಣೆಯ ಬೇಡಿಕೆ ಗಂಡಿನ ಮನೆಯವರ ಬಾಯಿಂದ ಜಾಹೀರಾತಿನ ಬಾಯಿಗೆ ದಾಟಿದೆ. ಕೇಳಿದವರಾರೂ ಇಲ್ಲ, ಕೊಟ್ಟವರು ಮಾತ್ರ ಇದ್ದಾರೆ.

ಹೆಚ್ಚಾದ ಆ 4 ಲಕ್ಷ ಸಾಲ ಎಂದಿಟ್ಟುಕೊಳ್ಳಿ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಾದರೆ ತಿಂಗಳಿಗೆ 8,000. ದಿನಕ್ಕೆ 400 ರೂಪಾಯಿ ದುಡಿಯುವ ತಾಯಿಯ 20 ದಿನದ ಕೂಲಿ ಬರಿಯ ಬಡ್ಡಿಗೇ ಹೋಯಿತು. ಅಸಲು ಹಾಗೆಯೇ ಕೂತಿದೆ. ವೇದಿಕೆಯ ಹೂವು ಮರುದಿನವೇ ಬಾಡಿದೆ.

ಇದು ಹಣದ ನಷ್ಟ ಮಾತ್ರವಾಗಿದ್ದರೆ ನಾನು ಈ ಪತ್ರಿಕೆಯಲ್ಲಿ ಬರೆಯುತ್ತಿರಲಿಲ್ಲ. ಆರು ತಿಂಗಳ ಮೇಲೆ ಆ ಹುಡುಗಿ ಬೆನ್ನ ಮೇಲೆ ಬಾಸುಂಡೆ ಹೊತ್ತು ತವರಿಗೆ ಬರುತ್ತಾಳೆ. ತಂದೆ ಏನು ಹೇಳುತ್ತಾನೆ? "ಇಷ್ಟು ಸಾಲ ಮಾಡಿ ಮದುವೆ ಮಾಡಿಕೊಟ್ಟಿದ್ದೇವೆ, ಊರೆಲ್ಲ ಉಂಡು ಹೋಗಿದೆ, ಹೊಂದಿಕೊಂಡು ಹೋಗು ಮಗಾ." ಸಾಲ ತೀರದ ಮನೆಗೆ ಮಗಳು ತಿರುಗಿ ಬರಲಾರಳು. ವೈಭವದ ಮದುವೆ ತವರಿನ ಬಾಗಿಲಿಗೆ ಹಾಕಿದ ಬೀಗ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು ಸುಟ್ಟು ಸತ್ತ ಹೆಂಗಸರ ಪ್ರಕರಣಗಳನ್ನು ಒಂದೊಂದಾಗಿ ಕೆದಕಿ, 'ಸ್ಟವ್ ಸಿಡಿಯಿತು' ಎಂಬ ಮಾತಿನ ಹಿಂದೆ ಏನಿದೆ ಎಂದು ಲೋಕಕ್ಕೆ ತೋರಿಸಿದರು. ಅಷ್ಟು ವರ್ಷ ಕಳೆದ ಮೇಲೆ, 2022ರಲ್ಲೂ, ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವಿನ ಪ್ರಕರಣಗಳು ಆರು ಸಾವಿರಕ್ಕೂ ಹೆಚ್ಚು. ತವರಿನ ಬಾಗಿಲು ತೆರೆದಿದ್ದರೆ ಅವರಲ್ಲಿ ಎಷ್ಟು ಮಂದಿ ಬದುಕಿರುತ್ತಿದ್ದರೋ!

ಕಾನೂನು ಏನು ಹೇಳುತ್ತದೆ? 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಮದುವೆಯ ಸಂಬಂಧದಲ್ಲಿ ನೇರವಾಗಿ ಅಥವಾ ಪರೋಕ್ಷವಾಗಿ ಕೊಡುವ ಆಸ್ತಿ, ಬೆಲೆಬಾಳುವ ಪತ್ರ ವರದಕ್ಷಿಣೆ. ಮದುವೆಗೆ ಮೊದಲೇ ಬೇರೆಯವರು ಪಡೆದ ವರದಕ್ಷಿಣೆಯನ್ನು ಮದುವೆಯಾದ ಮೂರು ತಿಂಗಳೊಳಗೆ ಆ ಹೆಣ್ಣಿಗೇ ಒಪ್ಪಿಸಬೇಕು. ಬಂಗಾರವನ್ನು ವಾಪಸು ಕೇಳಬಹುದು. ಬಾಡಿದ ಹೂವನ್ನು, ಉಂಡ ಊಟವನ್ನು, ಕುಣಿದ ಕುಣಿತವನ್ನು ಯಾವ ನ್ಯಾಯಾಲಯ ವಾಪಸು ಕೊಡಿಸೀತು? ಗಂಡಿನ ಕಡೆಯವರಿಗೆ ಮರ್ಯಾದೆ ಸಿಕ್ಕಿತು, ಪ್ಲಾನರಿಗೆ ಹಣ ಸಿಕ್ಕಿತು, ಹುಡುಗಿಗೆ ಒಂದು ಆಲ್ಬಮ್ಮು ಸಿಕ್ಕಿತು.

"ಇದರಿಂದ ಎಷ್ಟೋ ಹೆಂಗಸರಿಗೆ ಉದ್ಯೋಗ ಸಿಗುತ್ತದಲ್ಲ" ಎಂದು ನಮ್ಮ ಸಂಘದ ತಂಗಿಯರೇ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಬ್ಬಲಿಗೆ ಕಟ್ಟುವವರು, ಅಡಿಗೆ ಮಾಡುವವರು, ರಂಗೋಲಿ ಹಾಕುವವರು, ಹುಡುಗಿಯನ್ನು ಸಿಂಗರಿಸುವವರು ನಮ್ಮವರೇ. ಅವರ ದುಡಿಮೆಗೆ ಕೈಮುಗಿಯುತ್ತೇನೆ. ಆದರೆ ಕೇಳಿ ನೋಡಿ, ಆ 8 ಲಕ್ಷದಲ್ಲಿ ಹೂವು ಕಟ್ಟಿದವಳಿಗೆ ಎಷ್ಟು ಬಂತು? ಮದುವೆಯ ಏರ್ಪಾಡನ್ನು ಸ್ವಸಹಾಯ ಸಂಘವೇ ಏಕೆ ವಹಿಸಿಕೊಳ್ಳಬಾರದು? ಶೇಕಡಾ ಲೆಕ್ಕ ಬೇಡ, ದುಡಿದ ದಿನಕ್ಕೆ ಸರಿಯಾದ ಕೂಲಿ ತೆಗೆದುಕೊಳ್ಳಿ. ಆಗ ಖರ್ಚು ಏರಿಸುವ ಆಸೆ ಹುಟ್ಟುವುದಿಲ್ಲ. ಬಿಲ್ಲನ್ನು ಎರಡೂ ಮನೆಗಳ ಹೆಸರಿನಲ್ಲಿ ಸಮವಾಗಿ ಹರಿದು ಕೊಡಿ. 'ಖರ್ಚು ಅರ್ಧರ್ಧ' ಎಂಬುದೇ ನಿಮ್ಮ ಜಾಹೀರಾತಾಗಲಿ.

ಮುಂದಿನ ಸಭೆಯಲ್ಲಿ ಇನ್ನೂ ಮೂರು ಠರಾವುಗಳನ್ನು ಬರೆಯಿರಿ. ಮೊದಲನೆಯದು, ಮದುವೆಯ ಆಡಂಬರಕ್ಕೆ ಸಂಘದಿಂದ ಸಾಲವಿಲ್ಲ. ಹುಡುಗಿಯ ಓದಿಗೆ, ಅವಳ ಹೆಸರಿನ ಹೊಲಿಗೆ ಯಂತ್ರಕ್ಕೆ ಸಾಲ ಉಂಟು. ಎರಡನೆಯದು, ಕೊಟ್ಟ ಉಡುಗೊರೆಗಳ ಪಟ್ಟಿಯನ್ನು 1985ರ ನಿಯಮದಂತೆ ಬರೆದು, ಹುಡುಗ ಹುಡುಗಿ ಇಬ್ಬರ ಸಹಿ ಹಾಕಿಸಿ, ಒಂದು ಪ್ರತಿಯನ್ನು ತವರಿನಲ್ಲಿ ಇಡಬೇಕು. ಮೂರನೆಯದು, ಹೊಡೆತ ತಿಂದು ಬಂದ ಮಗಳನ್ನು ಯಾವ ಸದಸ್ಯೆಯೂ ಸಮಾಧಾನ ಹೇಳಿ ಹಿಂದೆ ಕಳಿಸಬಾರದು. ಸಂಘ ಅವಳ ಜೊತೆ ಠಾಣೆಗೆ ಹೋಗಬೇಕು. ಮಹಿಳಾ ಸಹಾಯವಾಣಿ 181 ಎಲ್ಲರಿಗೂ ಬಾಯಿಪಾಠವಾಗಿರಲಿ. ವರದಕ್ಷಿಣೆ ಕೊಟ್ಟದ್ದೂ ಅಪರಾಧವೆಂದು ಹೆದರಿ ಬಾಯಿ ಮುಚ್ಚಿಕೊಳ್ಳಬೇಡಿ. ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರನ್ನೇ ಶಿಕ್ಷೆಗೆ ಗುರಿಮಾಡುವಂತಿಲ್ಲ ಎಂದು ಅದೇ ಕಾಯ್ದೆಯ 7ನೇ ಕಲಮು ಹೇಳುತ್ತದೆ.

ಸರಳ ಮದುವೆ ಬಡವರ ಗತಿಗೇಡು ಎಂದು ನಗುವವರಿಗೆ ಕುವೆಂಪು ಅವರ ಮನೆಯನ್ನು ತೋರಿಸಿ. 1966ರಲ್ಲಿ ಮಗ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನು ಅವರು ಮಂತ್ರ ಮಾಂಗಲ್ಯದ ರೀತಿಯಲ್ಲಿ, ಪುರೋಹಿತರೂ ಆಡಂಬರವೂ ಇಲ್ಲದೆ ಮಾಡಿಸಿದರು. ಆ ಮದುವೆ ಯಾರಿಗೂ ಕಡಿಮೆಯಾಗಿ ಕಾಣಲಿಲ್ಲ.

1930ರಲ್ಲಿ ಅಂಕೋಲೆಯ ಜನ ಉಪ್ಪಿನ ಕಾನೂನು ಮುರಿದರು. ಸರಕಾರಕ್ಕೆ ಕಂದಾಯ ಕೊಡುವುದಿಲ್ಲ ಎಂದು ಮನೆ ಹೊಲ ಕಳೆದುಕೊಂಡವರೂ ಈ ತಾಲೂಕಿನವರೇ. ಅವರ ಮೊಮ್ಮಕ್ಕಳಾದ ನಾವು ಇನ್ನೊಬ್ಬರು ಬರೆದುಕೊಟ್ಟ ಪ್ಯಾಕೇಜಿನ ಕಂದಾಯವನ್ನು ತಲೆ ತಗ್ಗಿಸಿ ಕಟ್ಟಬೇಕೇ? ಇನ್ನು ಮುಂದೆ "ಮದುವೆ ಚೆಂದ ಮಾಡಿಕೊಡಿ" ಎಂದು ಯಾರಾದರೂ ಹೇಳಿದರೆ, ಚಹದ ತಟ್ಟೆ ಕೆಳಗಿಟ್ಟು ನೇರವಾಗಿ ಕೇಳಿ: "ಒಳ್ಳೆಯದು. ನಿಮ್ಮ ಪಾಲಿನ ಅರ್ಧ ಎಷ್ಟು?"