ಮುರಿದು ಒಗೆದ ಮೂರನೇ ಪಿನ್ನು

ಹಾನಗಲ್‌ನಿಂದ ಹಿರೇಕೆರೂರಿನವರೆಗೆ ಯಾವ ಊರಿಗೆ ಹೋದರೂ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ವೆಲ್ಡಿಂಗ್ ಮಷಿನ್ ಸಿಗುತ್ತದೆ. ಟ್ರೇಲರಿನ ಹುಕ್ಕು, ಟ್ರ್ಯಾಕ್ಟರಿನ ರಂಟೆ, ಕೊಟ್ಟಿಗೆಯ ಗೇಟು. ಸವಣೂರಿಗೋ ಶಿಗ್ಗಾವಿಗೋ ಹೇರಿಕೊಂಡು ಹೋಗಬೇಕಿದ್ದ ಕೆಲಸ ಮನೆಯಲ್ಲೇ ಮುಗಿಯುತ್ತದೆ, ಒಳ್ಳೆಯದೇ. ನನ್ನ ತಕರಾರು ಮಷಿನ್ ಮೇಲಲ್ಲ, ಅದರ ಪ್ಲಗ್ ಮೇಲೆ.

ಮೂರನೇ ಪಿನ್ನು ತೂತಿಗೆ ಹೊಂದಲಿಲ್ಲವೆಂದು ಇಕ್ಕಳದಿಂದ ಮುರಿದಿರುತ್ತಾರೆ. ಇನ್ನು ಕೆಲವರಿಗೆ ಪ್ಲಗ್ಗೇ ಬೇಡ, ಎರಡು ವೈರು ತುರುಕಿ ಬೆಂಕಿಕಡ್ಡಿ ಸಿಗಿಸಿದರಾಯಿತು. ಕೇಳಿದರೆ, "ಏನ್ ಆಗಂಗಿಲ್ಲ ಬಿಡ್ರಿ ಸರ, ಹತ್ತ ವರ್ಷದಿಂದ ಹಿಂಗ ನಡದೈತಿ."

ಹತ್ತು ವರ್ಷ ನಡೆದದ್ದು ಒಳಗಿನ ವೈರಿನ ಹೊದಿಕೆ ಕೆಟ್ಟಿಲ್ಲವೆಂಬ ಒಂದೇ ಕಾರಣಕ್ಕೆ. ಕೆಟ್ಟ ದಿನ ಮಷಿನ್ನಿನ ತಗಡಿಗೆ 230 ವೋಲ್ಟ್ ಬರುತ್ತದೆ. ಅದು ನೆಲಕ್ಕಿಳಿಯುವ ದಾರಿಯನ್ನು ನೀವೇ ಮುರಿದು ಒಗೆದಿದ್ದೀರಿ. ಮಳೆಗಾಲದ ಹಸಿ ನೆಲದಲ್ಲಿ ಬರಿಗಾಲಲ್ಲಿ ಚಹಾ ತಂದ ಮಗ ಮಷಿನ್ ಮುಟ್ಟಿದರೆ ಅವನ ಮೈಯೇ ದಾರಿ. ಫ್ಯೂಸ್ ಕಾಯುತ್ತದೆ ಅನ್ನಬೇಡಿ. ಪದೇಪದೇ ಹೋಗುತ್ತದೆಂದು ಅದಕ್ಕೂ ದಪ್ಪ ತಂತಿ ಸುತ್ತಿದ್ದೀರಲ್ಲ!

200 ಆಂಪಿಯರಿನ ಸಿಂಗಲ್ ಫೇಸ್ ಮಷಿನ್ ಪೂರ್ತಿ ಜೋರಿಗೆ ಇಟ್ಟರೆ ಬೋರ್ಡಿನಿಂದ 30 ಆಂಪಿಯರ್ ಆಸುಪಾಸು ಎಳೆಯುತ್ತದೆ. ಮನೆಯ ದೊಡ್ಡ ಪ್ಲಗ್ಗಿನ ತಾಕತ್ತು 16. ಹಾಗಾಗಿ ಮೇನ್‌ನಿಂದಲೇ ಪ್ರತ್ಯೇಕ ಲೈನು ಬೇಕು. 6 ಚದರ ಮಿಲಿಮೀಟರಿನ ತಾಮ್ರದ ವೈರು, 32 ಆಂಪಿಯರ್ ಎಂಸಿಬಿ, ಅಷ್ಟೇ ತಾಕತ್ತಿನ ಇಂಡಸ್ಟ್ರಿಯಲ್ ಸಾಕೆಟ್. ಉಪ್ಪು, ಇದ್ದಿಲು ಹಾಕಿ ಪೈಪು ಹುಗಿದರೆ ಅರ್ಥಿಂಗ್ ಮುಗಿಯಿತು ಅನ್ನುವವರಿದ್ದಾರೆ. ಮುಗಿಯಲಿಲ್ಲ. ಗುಂಡಿ ಒಣಗಿದ್ದರೆ ಎಂಸಿಬಿ ಬೀಳುವಷ್ಟು ಕರೆಂಟು ಅದರಲ್ಲಿ ಹರಿಯುವುದೇ ಇಲ್ಲ. ಜೊತೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲೇಬೇಕು. ರೊಕ್ಕ ಎಲ್ಲಿಂದ ತರೋಣ ಅಂತೀರಾ? ಮಷಿನ್‌ಗೆ ತಂದಿರಲ್ಲ, ಅಲ್ಲಿಂದಲೇ.

ಹೊಲದ ಪಂಪ್‌ಸೆಟ್ ಸ್ಟಾರ್ಟರಿಗೇ ವೈರು ಸಿಗಿಸುವ ಜಾಣರೂ ಇದ್ದಾರೆ. ಆ ಪುಕ್ಕಟೆ ಕರೆಂಟು ನೀರೆತ್ತಲಿಕ್ಕೆ. ಮಂಜೂರಾದದ್ದು ಬಿಟ್ಟು ಬೇರೆಯದಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ದುಪ್ಪಟ್ಟು ದರ ಬೀಳುತ್ತದೆ.

ಕರೆಂಟ್ ಆಫೀಸಿನವರಿಗೂ ಒಂದು ಮಾತು. ಲೋಡ್ ಹೆಚ್ಚಿಸಿ ಎಂದು ಅರ್ಜಿ ಹಿಡಿದು ಬಂದವನನ್ನು ನಾಲ್ಕು ಸಲ ತಿರುಗಾಡಿಸಿದರೆ ಐದನೇ ಸಲ ಅವನು ಬರುವುದಿಲ್ಲ, ಕೊಕ್ಕೆ ಹಾಕುತ್ತಾನೆ. ಮನೆಗೆ ಬಂದು ವೈರಿಂಗ್ ನೋಡದೆ ಟೆಸ್ಟ್ ರಿಪೋರ್ಟಿಗೆ ಸಹಿ ಹಾಕುವ ಗುತ್ತಿಗೆದಾರನ ಲೈಸೆನ್ಸ್ ಕಸಿದುಕೊಳ್ಳಬೇಕು.

ಇವತ್ತು ಮೇನ್ ಆಫ್ ಮಾಡಿ ನಿಮ್ಮ ಮಷಿನ್ನಿನ ಪ್ಲಗ್ ಕಿತ್ತು ನೋಡಿ. ಎರಡೇ ಪಿನ್ನಿದ್ದರೆ ಗೇಟಿನ ಕೆಲಸ ನಾಳೆಗಿರಲಿ.