ಸೊಂಟದ ಬಟ್ಟಲಿಗೆ ಕಂಪ್ಯೂಟರ್ ಕಣ್ಣು

ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಕೋಲೂರಿಕೊಂಡು ಬರುವ ಮುದುಕರನ್ನು ನೋಡಿದ್ದೀರಲ್ಲ? ಸೊಂಟದ ಕೀಲು ಸವೆದ ಇಂಥವರಿಗೆ ದೊಡ್ಡೂರಲ್ಲಿ ಈಗ 'ಕಂಪ್ಯೂಟರ್ ಆಪರೇಷನ್' ಅಂತ ಹೇಳಿ ಕಳಿಸುವುದುಂಟು. ಹೊಲ ಮಾರಿಯಾದರೂ ಮಾಡಿಸೋಣ ಅನ್ನುವ ಮಕ್ಕಳೇ, ಸ್ವಲ್ಪ ತಾಳಿ.

ಯಂತ್ರವೇನೂ ಸುಳ್ಳಲ್ಲ. ಕೀಲು ಬದಲಿಸುವಾಗ ಸೊಂಟದ ಮೂಳೆಯೊಳಗೆ ಒಂದು ಬಟ್ಟಲು ಕೂರಿಸುತ್ತಾರೆ. ಅದು ವಾಲಿದರೆ ಒಳಗಿನ ಗುಂಡು ಜಾರುತ್ತೆ, ಬಟ್ಟಲು ಬೇಗ ಸವೆಯುತ್ತೆ. 1978ರಲ್ಲಿ ಲೆವಿನ್ನೆಕ್ ಎಂಬ ವೈದ್ಯ ಮತ್ತು ಸಂಗಡಿಗರು ಲೆಕ್ಕ ಕೊಟ್ಟರು: ಓರೆ 40 ಡಿಗ್ರಿ, ಮುಂದಕ್ಕೆ ತಿರುವು 15 ಡಿಗ್ರಿ, ಎರಡರಲ್ಲೂ 10 ಹೆಚ್ಚುಕಮ್ಮಿ. ಬರಿಗಣ್ಣಿನ ಅಂದಾಜು ಇದರಲ್ಲಿ ತಪ್ಪುವುದುಂಟು. ಯಂತ್ರವಾದರೆ ಮೂಳೆಗೆ ಸಿಕ್ಕಿಸಿದ ಗುರುತುಗಳನ್ನು ಕ್ಯಾಮೆರಾದಲ್ಲಿ ನೋಡಿ, ಕೋನವನ್ನು ಪರದೆ ಮೇಲೆ ತೋರಿಸುತ್ತೆ. (ಪೈಲಟ್ ಇಲ್ಲದ ವಿಮಾನ ಹಾರಿದ್ದನ್ನು ನೋಡಿದ ಚಳ್ಳಕೆರೆಯವರಿಗೆ ಇದೇನು ಅಚ್ಚರಿಯೇ?)

ಆದರೆ ಲೆಕ್ಕದೊಳಗೇ ಕೂತ ಬಟ್ಟಲಿಂದಲೂ ಗುಂಡು ಜಾರಿದೆ. ಕೋನ ಸರಿಬರುತ್ತೆ ಅನ್ನೋದಕ್ಕೆ ಪುರಾವೆ ಗಟ್ಟಿ. ಕೀಲು ಜಾಸ್ತಿ ವರ್ಷ ಬಾಳುತ್ತೆ ಅನ್ನೋದಕ್ಕೆ ಅಷ್ಟು ಗಟ್ಟಿಯಿಲ್ಲ. ಬಿಲ್ಲು ಬರೆಯೋರು ಈ ಎರಡನೇ ಮಾತು ಹೇಳೋದಿಲ್ಲ, ಬಿಡಿ.

ನಮ್ಮವರು ಕುಕ್ಕರಗಾಲಲ್ಲಿ ಕೂತು ಶೇಂಗಾ ಬಿಡಿಸೋರು, ನೆಲದ ಮೇಲೆ ಉಣ್ಣೋರು. ಕೀಲು ತಪ್ಪುವ ಭಯ ಇರೋದೇ ಹೀಗೆ ಬಗ್ಗಿ ಕೂರೋದರಲ್ಲಿ. ಅದನ್ನು ಬಾಯಿಬಿಟ್ಟು ಡಾಕ್ಟರಿಗೆ ಹೇಳಿ. ವರ್ಷಕ್ಕೆ ಎಷ್ಟು ಸೊಂಟ ಮಾಡ್ತೀರಿ ಸ್ವಾಮಿ ಅಂತಲೂ ಕೇಳಿ, ನಾಚಿಕೆ ಬೇಡ. ಬೆಂಗಳೂರಲ್ಲಿ ಸರ್ಕಾರದ್ದೇ ಸಂಜಯ ಗಾಂಧಿ ಮೂಳೆ ಆಸ್ಪತ್ರೆ ಇದೆ. ಮೊದಲು ಅಲ್ಲಿ ತೋರಿಸಿ. ಹೊಲದ ಪಹಣಿ ಪೆಟ್ಟಿಗೆಯಲ್ಲೇ ಇರಲಿ.