ಕಲ್ಲಿನ ಬಾಂಬು

ಫ್ಯಾಸಿಸಮ್ಮಿನ ಅಪಾಯವನ್ನು ಮೊದಲು ಕಂಡವರು ಯಾರೆಂದು ಕೇಳಿ ನೋಡಿ. ನಮ್ಮ ವಿದ್ಯಾವಂತರು ತಡವರಿಸದೆ ಚರ್ಚಿಲ್ಲರ ಹೆಸರು ಹೇಳುತ್ತಾರೆ. ಇದೇ ಚರ್ಚಿಲ್ಲರು 1927ರ ಜನವರಿಯಲ್ಲಿ ರೋಮಿಗೆ ಹೋಗಿ, ತಾವು ಇಟಲಿಯವರಾಗಿದ್ದರೆ ಮುಸೊಲಿನಿಯ ಪಕ್ಷವನ್ನೇ ಹಿಡಿಯುತ್ತಿದ್ದೆವೆಂದು ಪತ್ರಕರ್ತರ ಮುಂದೆ ನುಡಿದಿದ್ದರು. ಮುಂದೆ ಹಿಟ್ಲರನ ವಿಷಯದಲ್ಲಿ ಅವರು ಎಚ್ಚರಿಸಿದ್ದೇನೋ ನಿಜ. ಆದರೆ ಮೊದಲಿಗರೆಂಬ ಪಟ್ಟ ಅವರಿಗೆ ಸಲ್ಲತಕ್ಕದ್ದಲ್ಲ.

ಅದು ಸಲ್ಲಬೇಕಾದದ್ದು ಕೆಲವು ಹೆಂಗಸರಿಗೆ. ಫ್ಯಾಸಿಸ್ಟರು 1924ರಲ್ಲಿ ಕೊಂದ ಸಮಾಜವಾದಿ ಮತ್ತೆಯೊತ್ತಿಯ ವಿಧವೆ ಪೊಲೀಸರ ಕಾವಲಿನಲ್ಲಿ ನರಳುತ್ತಿದ್ದಾಗ, ಆಕೆಗಾಗಿ 1932ರಲ್ಲಿ ಅಂತರರಾಷ್ಟ್ರೀಯ ಮಹಿಳಾ ಸಮಿತಿ ಕಟ್ಟಿದವರು ಇಂಗ್ಲೆಂಡಿನ ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್. 1934ರ ಆಗಸ್ಟಿನಲ್ಲಿ ಹಲವು ದೇಶಗಳ ಸಾವಿರಕ್ಕೂ ಮಿಕ್ಕಿದ ಸ್ತ್ರೀಯರು ಪ್ಯಾರಿಸ್ಸಿನಲ್ಲಿ ನೆರೆದು, ಯುದ್ಧಕ್ಕೂ ಫ್ಯಾಸಿಸಮ್ಮಿಗೂ ವಿರೋಧ ಸಾರಿದರು. ಗೇಬ್ರಿಯೆಲ್ ದ್ಯುಶೆನ್ ಅದರ ಮುಂದಾಳು.

ಇದನ್ನೆಲ್ಲ ಒಪ್ಪಿಕೊಳ್ಳುವವರು ಕೂಡ 'ಮಾತೃಹೃದಯ' ಎಂದೊಂದು ಹಾರ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಹೆಂಗಸು ಯುದ್ಧವನ್ನು ವಿರೋಧಿಸಿದರೆ ಅದು ಕರುಳಿನ ಕೂಗು. ಗಂಡಸು ವಿರೋಧಿಸಿದರೆ ರಾಜನೀತಿ! ಸಿಲ್ವಿಯಾ ಮಾಡಿದ್ದು ಕರುಳಿನ ಕೆಲಸವಲ್ಲ, ಲೆಕ್ಕದ ಕೆಲಸ. 1932ರ ಜಿನೀವಾ ನಿಶ್ಶಸ್ತ್ರೀಕರಣ ಸಮ್ಮೇಲನದಲ್ಲಿ ವಿಮಾನದಿಂದ ಬಾಂಬು ಹಾಕುವುದನ್ನು ನಿಷೇಧಿಸುವ ಮಾತು ಬಂದಾಗ, ಬ್ರಿಟನ್ ತನ್ನ ದೂರದ ಸೀಮೆಗಳಿಗಾಗಿ ಆ ಹಕ್ಕನ್ನು ಉಳಿಸಿಕೊಳ್ಳಲು ಹೆಣಗಿತು. ದೂರದ ಸೀಮೆ ಎಂದರೆ ಯಾವುದು? ಅವಿಭಜಿತ ಭಾರತದ ವಾಯವ್ಯ ಗಡಿಯೂ ಅದರಲ್ಲಿ ಸೇರಿತ್ತು. ಹೀಗೆ ಹೆಣಗಿದ್ದನ್ನು ವಿಮಾನಖಾತೆಯ ಲಾರ್ಡ್ ಲಂಡನ್‌ಡೆರಿ 1935ರಲ್ಲಿ ಮೇಲ್ಮನೆಯಲ್ಲಿ ತಾವೇ ಹೇಳಿಕೊಂಡರು. ಅದೇ ವರ್ಷ ಸಿಲ್ವಿಯಾ ವುಡ್‌ಫರ್ಡಿನ ತಮ್ಮ ಜಾಗದಲ್ಲಿ ಕಲ್ಲಿನ ಬಾಂಬೊಂದನ್ನು ನಿಲ್ಲಿಸಿ, ಜಿನೀವಾದಲ್ಲಿ ಬಾಂಬಿನ ಹಕ್ಕನ್ನು ಎತ್ತಿಹಿಡಿದವರಿಗೇ ಅದನ್ನು ಅರ್ಪಿಸಿದರು. ವರ್ಷ ಮುಗಿಯುವುದರೊಳಗೆ ಇಟಲಿಯ ವಿಮಾನಗಳು ಇಥಿಯೋಪಿಯದ ಮೇಲೆ ವಿಷಾನಿಲ ಸುರಿದವು.

1936ರ ಮೇ ತಿಂಗಳಲ್ಲಿ ಆಡಿಸ್ ಅಬಾಬ ಬಿತ್ತು. ಆ ತಿಂಗಳೇ ಸಿಲ್ವಿಯಾ 'ನ್ಯೂ ಟೈಮ್ಸ್ ಅಂಡ್ ಇಥಿಯೋಪಿಯ ನ್ಯೂಸ್' ವಾರಪತ್ರಿಕೆ ಹೊರಡಿಸಿ, ಇಪ್ಪತ್ತು ವರ್ಷ ನಡೆಸಿದರು. 1937ರ ಫೆಬ್ರವರಿಯಲ್ಲಿ ಗ್ರಾಜಿಯಾನಿಯ ಪಡೆಗಳು ಆ ನಗರದಲ್ಲಿ ಸಾವಿರಾರು ಜನರನ್ನು ಕೊಂದ ಮೇಲೂ, 1938ರಲ್ಲಿ ಬ್ರಿಟನ್ ಇಟಲಿಯ ಆ ಗೆಲುವಿಗೆ ಮನ್ನಣೆಯ ಮುದ್ರೆಯೊತ್ತಿತು. ಸಿಲ್ವಿಯಾರ ಪತ್ರಗಳೆಂದರೆ ವಿದೇಶಾಂಗ ಕಚೇರಿಗೆ ತಲೆನೋವು. ಸೆರೆಯಾಗಿ ಇಟಲಿಗೆ ಸಾಗಿಸಲ್ಪಟ್ಟು, ಮರಳಿದ ಮೇಲೆ ಮತ್ತೆ ಹೋರಾಟಕ್ಕಿಳಿದ ಇಥಿಯೋಪಿಯದ ಷವಾರೆಗೆಡ್ ಗೆಡ್ಲೆಯ ಹೆಸರಂತೂ ನಮ್ಮಲ್ಲಿ ಎಷ್ಟು ಜನ ಕೇಳಿದ್ದಾರು? ನಮ್ಮ ಮಕ್ಕಳು ಎರಡನೆಯ ಮಹಾಯುದ್ಧ 1939ರ ಸೆಪ್ಟೆಂಬರಿನಲ್ಲಿ, ಪೋಲೆಂಡಿನಲ್ಲಿ ಆರಂಭವಾಯಿತೆಂದೇ ಬಾಯಿಪಾಠ ಮಾಡುತ್ತಾರೆ. ಅದಕ್ಕೆ ಮುಂಚೆ ಸತ್ತವರು ಕರಿಯರು. ಅವರ ಸಾವಿನಿಂದ ಇಸವಿ ಎಣಿಸುವ ಪದ್ಧತಿಯಿಲ್ಲ.

ವುಡ್‌ಫರ್ಡಿನಲ್ಲಿ 1959ರಲ್ಲಿ ಚರ್ಚಿಲ್ಲರ ಕಂಚಿನ ಪ್ರತಿಮೆ ಎದ್ದಿತು. ಮರುವರ್ಷ ಆಡಿಸ್ ಅಬಾಬದಲ್ಲಿ ತೀರಿಕೊಂಡ ಸಿಲ್ವಿಯಾರನ್ನು ಇಥಿಯೋಪಿಯದವರು, ಇಟಲಿಯ ವಿರುದ್ಧ ಹೋರಾಡಿದ ತಮ್ಮ ದೇಶಭಕ್ತರ ಸಾಲಿನಲ್ಲಿ ಮಣ್ಣುಮಾಡಿದರು.